ಅಪ್ಪನ ಗಾಡಿಯ ಎರಡನೆಯ ಹೆಡ್ಡು

ಸೊಲ್ಲಾಪುರ ರಸ್ತೆಯ ಮಿಸ್ತ್ರಿಯ ಶೆಡ್ಡಿನಲ್ಲಿ ಗೋಣಿಚೀಲದ ಬಾಯಿ ಬಿಚ್ಚಿ ಸುರುವಿದಾಗ ಒಂದು ಹೆಡ್ಡು ಬಿತ್ತು. ಇನ್ನೊಂದು ಬೀಳಲಿಲ್ಲ. ಮಿಸ್ತ್ರಿ ಚೀಲ ಕೊಡವಿದ, ಒಳಗೆ ಕೈ ಹಾಕಿ ತಡಕಾಡಿದ, ಆಮೇಲೆ ನನ್ನ ಮುಖ ನೋಡಿದ.

"ಅಕ್ಕಾರ, ಇನ್ನೊಂದು ಎಲ್ಲೈತ್ರಿ?"

ಎಲ್ಲಿದೆ ಎಂದು ನನಗೆ ಆಗಲೇ ಗೊತ್ತಾಯಿತು. ನನ್ನ ಅಣ್ಣನನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಮರೆತು ಬಿಡುವ ಮನುಷ್ಯನಲ್ಲ ಅವನು. ಬಾಳೆಹಣ್ಣು ಕೊಟ್ಟರೂ ಸಿಪ್ಪೆಯನ್ನು ತನ್ನ ಹತ್ತಿರ ಇಟ್ಟುಕೊಳ್ಳುವವನು.

ಗಾಡಿಯ ಸಂಗತಿ ಗೊತ್ತಿಲ್ಲದವರಿಗೆ ಹೇಳಬೇಕು. ಅಪ್ಪನದು ಅಮೆರಿಕದ ಹಳೆಯ ಕಾರು, ಎಂಟು ಸಿಲಿಂಡರಿನದು. ನಾಲ್ಕು ಸಿಲಿಂಡರು ಈ ಕಡೆ ವಾಲಿಕೊಂಡು, ನಾಲ್ಕು ಆ ಕಡೆ ವಾಲಿಕೊಂಡು ನಿಂತಿರುತ್ತವೆ. ಒಂದೊಂದು ಸಾಲಿನ ಮೇಲೆ ಒಂದೊಂದು ಹೆಡ್ಡು, ಅಂದರೆ ಬೀಡುಕಬ್ಬಿಣದ ದಪ್ಪ ಮುಚ್ಚಳ. ವಾಲ್‌ಗಳು ಇರುವುದು ಅದರಲ್ಲೇ, ಪೆಟ್ರೋಲು ಉರಿಯುವುದೂ ಅದರ ಕೆಳಗಿನ ಗುಳಿಗಳಲ್ಲೇ. ಒಂದು ಹೆಡ್ಡು ಇಟ್ಟುಕೊಂಡು ಆ ಗಾಡಿಯನ್ನು ಓಡಿಸುವುದೆಂದರೆ ಒಂದೇ ಕಾಲಿಗೆ ಚಪ್ಪಲಿ ಹಾಕಿ ಮದುವೆಗೆ ಹೋದಂತೆ.

ಅಪ್ಪ ಬಬಲೇಶ್ವರದವರು. ತಿಕೋಟಾದ ಹತ್ತಿರ ದ್ರಾಕ್ಷಿ ತೋಟ, ಅಲ್ಲೇ ಒಣದ್ರಾಕ್ಷಿ ಮಾಡುವ ಶೆಡ್ಡು. ಸೊಲ್ಲಾಪುರದಲ್ಲಿ ಮಿಲ್ಲು ಮುಚ್ಚಿದ ಒಬ್ಬ ಸಾಹುಕಾರರ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಆ ಹಸಿರು ಕಾರನ್ನು ನೋಡಿ ಅಪ್ಪನಿಗೆ ಏನಾಯಿತೋ, ಒಣದ್ರಾಕ್ಷಿ ಮಾರಲು ಹೋದವರು ಕಾರು ತಂದರು. ಅದರ ಸ್ಟೇರಿಂಗು ಎಡಕ್ಕೆ. ನಮ್ಮ ರಸ್ತೆಯಲ್ಲಿ ಎಡಕ್ಕೆ ಕೂತವನಿಗೆ ಮುಂದಿನ ಲಾರಿಯ ಆಚೆ ಏನಿದೆ ಎಂದು ಕಾಣುವುದಿಲ್ಲ. ಬಲಕ್ಕೆ ಕೂತವರು ಕತ್ತು ಹೊರಗೆ ಹಾಕಿ ನೋಡಿ ಹೇಳಬೇಕು. ಆ ಕೆಲಸ ಅಣ್ಣನದು. ಅಪ್ಪ "ಹೋಗ್ಲ್ಯಾ?" ಎಂದು ಕೇಳುತ್ತಿದ್ದರು. ಅಣ್ಣ "ಹೋಗ್ರಿ" ಎಂದರೆ ಗಾಡಿ ಗುಡುಗಿಕೊಂಡು ಮುಂದೆ ಹೋಗುತ್ತಿತ್ತು.

ಓಡಿಸಲು ಅಪ್ಪ ಕಲಿಸಿದ್ದು ನನಗೆ. ಅಣ್ಣನಿಗೂ ಕೊಟ್ಟು ನೋಡಿದ್ದರು. ಅವನು ಮೊದಲ ದಿನವೇ ದನದ ಕೊಟ್ಟಿಗೆಯ ಗೋಡೆಗೆ ಒಯ್ದು ನಿಲ್ಲಿಸಿದ. ಆವತ್ತಿನಿಂದ ನಾನು ಎಡಕ್ಕೆ, ಅವನು ಬಲಕ್ಕೆ. ಅಪ್ಪನ ಬದಲು ನಾನು "ಹೋಗ್ಲ್ಯಾ ಅಣ್ಣಾ?" ಎಂದು ಕೇಳತೊಡಗಿದೆ. ಅವನು ಹಲ್ಲು ಕಚ್ಚಿಕೊಂಡು "ಹೋಗು" ಎನ್ನುತ್ತಿದ್ದ. ಮದುವೆಯಾಗಿ ವಿಜಯಪುರಕ್ಕೆ ಬಂದ ಮೇಲೆ ನಾನು ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಹೆಣ್ಣುಮಕ್ಕಳಿಗೆ ಗಾಡಿ ಕಲಿಸುವ ಶಾಲೆ ತೆರೆದೆ. ಅದು ಆ ಹಸಿರು ಕಾರಿನ ಋಣ.

ಅಪ್ಪ ಇರುವಾಗಲೇ ಇಂಜಿನ್ನು ಕುದಿಯತೊಡಗಿತ್ತು. ಎರಡೂ ಹೆಡ್ಡು ಇಳಿಸಿ ಚೀಲದಲ್ಲಿ ಕಟ್ಟಿಟ್ಟರು. ಮತ್ತೆ ಏರಿಸುವ ಮೊದಲೇ ತೀರಿಕೊಂಡರು. ವರ್ಷಾಂತಿಕ ಮುಗಿದ ಮೇಲೆ ಅಣ್ಣ ನನ್ನನ್ನು ಕರೆಸಿದ. ನಮ್ಮ ಕಡೆ ಹೆಣ್ಣುಮಕ್ಕಳು ತವರಿನ ಹೊಲದಲ್ಲಿ ಪಾಲು ಕೇಳುವುದಿಲ್ಲ. ಕಾಯ್ದೆ ಏನೇ ಹೇಳಲಿ, ಕೇಳಿದರೆ ನಾಗರ ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ ಎಂಬ ಹೆದರಿಕೆ. ಹಿರಿಯರ ಮುಂದೆ ಕೂರಿಸಿ, ಸೀರೆ ಕುಪ್ಪಸ ಕೊಟ್ಟು ಉಡಿ ತುಂಬುತ್ತಾರೆ. ಸೀರೆ ತಗೊಂಡರೆ ಹಕ್ಕು ಬಿಟ್ಟಂತೆ. ಆಮೇಲೆ ಒಂದು ದಿನ ಕಚೇರಿಗೆ ಹೋಗಿ ಸಹಿ ಮಾಡಿದರೆ ಮುಗಿಯಿತು.

"ತಂಗಿ, ಏನರ ಒಂದು ಕೇಳು," ಎಂದ ಅಣ್ಣ, ನಾಲ್ಕು ಮಂದಿಗೆ ಕೇಳುವಂತೆ. "ಮನಸ್ಸಿನ್ಯಾಗ ಇಟಗೊಂಡು ಹೋಗಬ್ಯಾಡ."

"ಅಪ್ಪನ ಗಾಡಿ ಕೊಡು," ಎಂದೆ.

ಎಲ್ಲರೂ ನಕ್ಕರು. ದ್ರಾಕ್ಷಿ ತೋಟ ಬಿಟ್ಟು ಗುಜರಿ ಕೇಳುತ್ತಾಳೆ ಎಂದು. ಅಣ್ಣನೂ ನಕ್ಕ. "ಒಯ್ಯಿ, ಅಡ್ಡಾಗಿ ನಿಂತೈತಿ," ಎಂದ. ಸೀರೆ ತಗೊಂಡೆ. ಸಹಿ ಪಂಚಮಿ ಮುಗಿದ ಮೇಲೆ ಎಂದು ಮಾತಾಯಿತು. ನನಗೆ ನಿಜವಾಗಿಯೂ ತೋಟ ಬೇಡವಾಗಿತ್ತು. ಅಪ್ಪನ ಗಾಡಿ ಮತ್ತೆ ಗುಡುಗಬೇಕು, ನಾನು ಅದರಲ್ಲಿ ಕೂತು ತವರಿಗೆ ಹೋಗಬೇಕು, ಇಷ್ಟೇ ಇದ್ದದ್ದು.

ಚೀಲದಲ್ಲಿ ಒಂದೇ ಹೆಡ್ಡು ಸಿಕ್ಕ ದಿನ ಮಿಸ್ತ್ರಿಯ ಶೆಡ್ಡಿನಿಂದಲೇ ಅಣ್ಣನಿಗೆ ಫೋನು ಹಚ್ಚಿದೆ.

"ಅಣ್ಣಾ, ಚೀಲದಾಗ ಒಂದ ಹೆಡ್ಡ ಐತಿ. ಇನ್ನೊಂದು?"

"ನೀ ಏನ್ ಕೇಳಿದಿ?"

"ಗಾಡಿ."

"ಗಾಡಿ ಕೊಟ್ಟೇನಿ. ಬಿಚ್ಚಿಟ್ಟ ಸಾಮಾನು ಗಾಡಿ ಹೆಂಗ ಆಕ್ಕೈತಿ? ಒಂದು ಕೊಟ್ಟದ್ದ ಹೆಚ್ಚು ಅನ್ನು."

ಫೋನು ಇಟ್ಟೆ. ಮೈಯೆಲ್ಲ ಉರಿಯಿತು. ಅವನಿಗೆ ಆ ಕಬ್ಬಿಣದಿಂದ ಮೂರು ಕಾಸಿನ ಉಪಯೋಗವಿಲ್ಲ. ನಾನು ಅವನ ಬಾಗಿಲಿಗೆ ಹೋಗಿ, ಸೆರಗು ಹೊದ್ದುಕೊಂಡು, "ಅಣ್ಣಾ, ಅದಷ್ಟು ಕೊಡೋ" ಎನ್ನಬೇಕು. ಕೊಟ್ಟಿಗೆಯ ಗೋಡೆಗೆ ಗಾಡಿ ಗುದ್ದಿದ ದಿನದಿಂದ ಅವನು ಕಾಯುತ್ತಿದ್ದದ್ದು ಆ ಒಂದು ಮಾತಿಗೆ. ಆ ಮಾತನ್ನು ನನ್ನ ಬಾಯಿಂದ ಅವನು ಕೇಳುವುದಿಲ್ಲ ಎಂದು ಅಲ್ಲೇ, ಆ ಎಣ್ಣೆಯ ನೆಲದ ಮೇಲೆ ನಿಂತು, ನಿಶ್ಚಯ ಮಾಡಿದೆ.

ಕೆಲವು ದಿನಗಳಾದ ಮೇಲೆ ನನ್ನ ಶಾಲೆಯಲ್ಲಿ ಕಲಿತ ಹುಡುಗಿಯೊಬ್ಬಳ ಸೀಮಂತಕ್ಕೆ ತಿಕೋಟಾಕ್ಕೆ ಹೋಗಿದ್ದೆ. ಬರುವಾಗ ತೋಟದ ಕಡೆ ತಿರುಗಿಸಿದೆ. ಶೆಡ್ಡಿನ ಪಕ್ಕ ಗೊಬ್ಬರದ ಚೀಲಗಳ ರಾಶಿ, ಅದರ ಮೇಲೆ ಮಳೆಗೆ ಹೊದಿಸಿದ ತಾಡಪತ್ರಿ. ಗಾಳಿಗೆ ಹಾರಬಾರದೆಂದು ತಾಡಪತ್ರಿಯ ಮೂರು ಮೂಲೆಗೆ ಕಲ್ಲು, ನಾಲ್ಕನೆಯ ಮೂಲೆಗೆ ಅಪ್ಪನ ಗಾಡಿಯ ಹೆಡ್ಡು. ತಿಕೋಟಾದಲ್ಲಿ ಕಲ್ಲಿಗೆ ಬರಗಾಲವೇ? ಹೊಲದ ತುಂಬ ಕಲ್ಲೇ ಇವೆ. ಹೆಡ್ಡು ಮಳೆಯಲ್ಲಿ ನೆನೆದು ನೆನೆದು ತುಕ್ಕು ಹಿಡಿದು ಜಾಜಿನ ಬಣ್ಣಕ್ಕೆ ತಿರುಗಿತ್ತು, ವಾಲಿನ ತೂತುಗಳಲ್ಲಿ ಇರುವೆ ಗೂಡು ಕಟ್ಟಿದ್ದವು.

ನನ್ನ ಗಾಡಿಯ ಡಿಕ್ಕಿ ತೆರೆದು ಅದನ್ನು ಎತ್ತಿ ಹಾಕಿಕೊಳ್ಳಬಹುದಿತ್ತು. ತೋಟದಲ್ಲಿ ಯಾರೂ ಇರಲಿಲ್ಲ. ಬಗ್ಗಿ ಎರಡೂ ಕೈ ಹಾಕಿದೆ ಕೂಡ. ಆದರೆ ಕದ್ದು ಒಯ್ದರೆ ಅದು ಅವನದೇ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಕೈ ಝಾಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅಣ್ಣನನ್ನು ಬೈದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ಸೀಮಂತದ ಹೋಳಿಗೆಯ ಡಬ್ಬಿಯನ್ನು ಭದ್ರವಾಗಿ ಹಿಡಿದುಕೊಂಡು ಎಲ್ಲದಕ್ಕೂ ಹೌದು ಹೌದು ಎಂದರು.

ಆಮೇಲೆ ಶುರುವಾಯಿತು ಹೆಡ್ಡಿನ ಹುಡುಕಾಟ. ಹೆಣ್ಣು ನೋಡುವುದು ಸುಲಭ.

ಮಿಸ್ತ್ರಿ ಮಾತಿನ ಮಲ್ಲ. ಅವನ ಪ್ರಕಾರ ಜಗತ್ತಿನಲ್ಲಿ ಅವನು ಜೋಡಿಸಲಾಗದ ಇಂಜಿನ್ನು ಇನ್ನೂ ಹುಟ್ಟಿಲ್ಲ. ಮೊದಲು ಅವನು ಮಿರಜದ ಗುಜರಿಯಿಂದ ಒಂದು ಹೆಡ್ಡು ತರಿಸಿದ. ಅದೇ ಕಂಪನಿಯ ಲಾರಿಯದು. ಬೋಲ್ಟಿನ ತೂತು ತೂತಿಗೆ ಸರಿಯಾಗಿ ಕೂತವು. ಅವನು ಗೆದ್ದವನಂತೆ ಮೀಸೆ ತೀಡಿಕೊಂಡ.

"ನೋಡ್ರಿ ಅಕ್ಕಾರ, ಹೇಳಿ ಮಾಡಿಸಿದಂಗ ಕುಂತೈತಿ. ನಿಮ್ಮ ಹೆಡ್ಡ ಒಂದ ಕಡೆ, ಇದು ಒಂದ ಕಡೆ. ಚಾಲೂ ಮಾಡೇ ಬಿಡೂಣು."

"ಗುಳಿ ಅಳಿ ಮೊದಲ," ಎಂದೆ.

ಹೆಡ್ಡನ್ನು ಬೋರಲು ಹಾಕಿ, ಗುಳಿಯ ಬಾಯಿಗೆ ಗ್ರೀಸು ಸವರಿ ಗಾಜಿನ ತುಂಡು ಮುಚ್ಚಿ, ಗಾಜಿನಲ್ಲಿರುವ ಸಣ್ಣ ತೂತಿನಿಂದ ಸೂಜಿ ಪಿಚಕಾರಿಯಲ್ಲಿ ಸೀಮೆಎಣ್ಣೆ ಬಿಡುವುದು. ಎಷ್ಟು ಹಿಡಿಯಿತೋ ಅಷ್ಟು ಅದರ ಹೊಟ್ಟೆ. ಲಾರಿಯ ಹೆಡ್ಡಿನ ಗುಳಿ ನಮ್ಮದಕ್ಕಿಂತ ಬಹಳ ಎಣ್ಣೆ ಕುಡಿಯಿತು. ಗುಳಿ ದೊಡ್ಡದಾದರೆ ಒತ್ತಡ ಕಡಿಮೆ. ಅಂದರೆ ಒಂದು ಸಾಲಿನ ನಾಲ್ಕು ಸಿಲಿಂಡರು ಜೋರಾಗಿ ಒದೆಯುತ್ತವೆ, ಇನ್ನೊಂದು ಸಾಲಿನವು ಸೋಮಾರಿಗಳು. ಗಾಡಿ ಓಡೀತು, ಆದರೆ ಕುಂಟುತ್ತ, ನಡುಗುತ್ತ ಓಡೀತು. ಆ ಕುಂಟು ಗಾಡಿಯನ್ನು ಅಣ್ಣನ ಬಾಗಿಲಲ್ಲಿ ನಿಲ್ಲಿಸಿದರೆ ಅವನಿಗೆ ಹೋಳಿಗೆ ಉಂಡಷ್ಟು ಸಂತೋಷವಾಗುತ್ತದೆ.

"ವಾಪಸ್ ಕಳಿಸು. ಹಚ್ಚಿದರ ಜೋಡಿ ಹಚ್ಚೂದು. ಬಿಡಿ ಬ್ಯಾಡ," ಎಂದೆ. ಮಿಸ್ತ್ರಿಯ ಮೀಸೆ ಇಳಿಯಿತು.

ಜೋಡಿ ಎಂದ ಮೇಲೆ ಎರಡು ದಾರಿ ಇದ್ದವು. ಒಂದು, ಪುಣೆಯ ಬಿಡಿಭಾಗದ ವ್ಯಾಪಾರಿ ಹೊರದೇಶದಿಂದ ತರಿಸಿ ಕೊಡುವ ಹೊಸ ಅಲ್ಯುಮಿನಿಯಂ ಹೆಡ್ಡುಗಳು. ಬೆಳ್ಳಿಯಂತೆ ಹೊಳೆಯುತ್ತವೆ, ಹಗುರ. ಗಾಳಿ ಎಳೆದುಕೊಳ್ಳುವ ದಾರಿ ಅಗಲ, ವಾಲ್ ದೊಡ್ಡವು, ಗುಳಿ ಸಣ್ಣವು. ರೇಸಿನವರು ಹಾಕುವಂಥವು. ಫೋನಿನಲ್ಲಿ ಯಾರದೋ ಗಾಡಿಗೆ ಅವನ್ನು ಹಾಕಿ ಓಡಿಸಿದ ವಿಡಿಯೋ ನೋಡಿದೆ. ಆ ಸದ್ದಿಗೆ ನನ್ನ ಎದೆ ಅರಳಿತು. ಬಬಲೇಶ್ವರದ ಅಗಸಿ ಬಾಗಿಲಲ್ಲಿ ಆ ಸದ್ದು ಎದ್ದರೆ ಅಣ್ಣನ ಮನೆಯ ತಗಡು ಅದುರುತ್ತದೆ, ಅವನು ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದು ಬರುತ್ತಾನೆ ಎಂದುಕೊಂಡೆ. ಒಂದು ವಾರ ಅದನ್ನೇ ಹಗಲುಗನಸು ಕಂಡೆ. ಗಾಡಿ ಕಲಿಯಲು ಬಂದ ಹೆಣ್ಣುಮಕ್ಕಳು ಬ್ರೇಕು ಒತ್ತಿದರೋ ಬಿಟ್ಟರೋ ನನಗೆ ಗಮನವಿರಲಿಲ್ಲ.

ಇನ್ನೊಂದು, ಕೊಲ್ಹಾಪುರದಲ್ಲಿ ಹಳೆಯ ಕಾರು ಕೂಡಿಡುವ ಒಬ್ಬರ ಹತ್ತಿರ ಇದ್ದ ಬೀಡುಕಬ್ಬಿಣದ ಜೋಡಿ. ನಮ್ಮದರಂಥದ್ದೇ ಗಾಡಿ ಅಪಘಾತದಲ್ಲಿ ಜಖಂ ಆಗಿ, ಇಂಜಿನ್ನಿನ ಮೇಲ್ಭಾಗ ಮಾತ್ರ ಉಳಿದಿತ್ತು. ಎರಕದ ಗುರುತು ನಮ್ಮ ಒಂಟಿ ಹೆಡ್ಡಿನ ಗುರುತಿಗೆ ಸರಿ ಬಂತು. ಸಪ್ಪೆ ಬೂದು ಬಣ್ಣ, ನೋಡಲು ಏನೂ ಇಲ್ಲ. ಬಿರುಕಿದೆಯೋ ಎಂದು ಪರೀಕ್ಷೆ ಮಾಡಿಸಬೇಕು, ಮೈ ಸಾಣೆ ಹಿಡಿಸಬೇಕು. ಈಗಿನ ಪೆಟ್ರೋಲಿನಲ್ಲಿ ಸೀಸವಿಲ್ಲ, ಹಳೆಯ ವಾಲಿನ ಕೂರುಜಾಗ ಬೇಗ ಸವೆಯುತ್ತದೆ. ಅದಕ್ಕೆ ಗಟ್ಟಿ ಉಕ್ಕಿನ ಬಳೆ ಕೂರಿಸಬೇಕು. ಅದು ತಾಳ್ಮೆಯ ಕೆಲಸ. ನನ್ನ ಹತ್ತಿರ ಆಗ ತಾಳ್ಮೆ ಬಿಟ್ಟು ಬೇರೆ ಎಲ್ಲವೂ ಇತ್ತು.

"ಬೆಳ್ಳಿಯವನ್ನ ಹಾಕೂಣ್ರಿ," ಎಂದ ಮಿಸ್ತ್ರಿ. "ಊರ ಎದ್ದು ನಿಂದರತೈತಿ."

"ಗುಳಿ ಸಣ್ಣವು. ಒತ್ತಡ ಏರತೈತಿ. ನಮ್ಮ ಪಂಪಿನ ಪೆಟ್ರೋಲಿಗೆ ಇಂಜಿನ್ನು ಟಕಟಕ ಬಡಕೊಳ್ಳೂದಿಲ್ಲೇನು?"

"ಸ್ವಲ್ಪ ಬಡಕೊಳ್ತೈತಿ. ಬಿಸಿಲಾಗ ಏರು ಹತ್ತಿದರ ಕುದೀಬಹುದು. ನಿಂದರಿಸಿ ನೀರ ಹಾಕ್ರಿ, ಮತ್ತ ಹೋಗ್ರಿ."

ನೀರು ಎಂದ ಕೂಡಲೇ ನನ್ನ ತಲೆ ತಣ್ಣಗಾಯಿತು. ಕಣ್ಣ ಮುಂದೆ ಬಂತು ಆ ಚಿತ್ರ. ನಾನು ಮೆರೆಯುತ್ತ ಹೋಗುತ್ತೇನೆ. ಅಣ್ಣನ ಬಾಗಿಲ ಮುಂದೆ ಬಾನೆಟ್ಟಿನಿಂದ ಬುಸುಬುಸು ಹಬೆ ಏಳುತ್ತದೆ. ನಾನು ಇಳಿದು, ಸೆರಗು ಹೊದ್ದುಕೊಂಡು, ಅಣ್ಣನ ಹೆಂಡತಿಗೆ "ವೈನಿ, ಒಂದು ಕೊಡ ನೀರು ಕೊಡ್ರಿ" ಎನ್ನುತ್ತೇನೆ. ಅಣ್ಣ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ನೋಡುತ್ತಾನೆ. ಅದಕ್ಕಿಂತ ಆ ತಾಡಪತ್ರಿಯ ಹೆಡ್ಡನ್ನು ಭಿಕ್ಷೆ ಬೇಡುವುದೇ ಮೇಲು. ಸೇಡು ತೀರಿಸಿಕೊಳ್ಳಲು ಹೋಗುವ ಗಾಡಿ ಹೋಗಿ ಮುಟ್ಟಬೇಕು, ತಣ್ಣಗೆ ನಿಲ್ಲಬೇಕು, ಕೀಲಿ ತಿರುಗಿಸಿದರೆ ಮತ್ತೆ ಹೊರಡಬೇಕು.

"ಕೊಲ್ಹಾಪುರದವನ್ನ ತರಸು," ಎಂದೆ.

ಬೀಡಿನ ಜೋಡಿ ಬಂತು. ಗುಳಿಗಳನ್ನೆಲ್ಲ ನಾನೇ ಕೂತು ಅಳೆದೆ, ಸೀರೆಗೆಲ್ಲ ಸೀಮೆಎಣ್ಣೆ ವಾಸನೆ. ಒಂದೆರಡು ಗುಳಿ ಸ್ವಲ್ಪ ಕಡಿಮೆ ಹಿಡಿದವು, ಮಿಸ್ತ್ರಿ ಗೊಣಗುತ್ತ ತೀಡಿ ಸಮ ಮಾಡಿದ. ಉಕ್ಕಿನ ಬಳೆ ಕೂರಿಸಿ, ವಾಲ್ ಅರೆದು, ಹೊಸ ಗ್ಯಾಸ್ಕೆಟ್ಟು ಹಾಕಿ, ಬೋಲ್ಟುಗಳನ್ನು ನಡುವಿನಿಂದ ಹೊರಗೆ ಸರದಿಯಂತೆ ಬಿಗಿಯುವಾಗ ಅವನಿಗೆ ಅವಸರ ಮಾಡಲು ನಾನು ಬಿಡಲಿಲ್ಲ. ಒಂದೊಂದು ಬೋಲ್ಟು ಬಿಗಿದಾಗಲೂ ಅಣ್ಣನ ಒಂದೊಂದು ಮಾತು ನೆನಪಾಗುತ್ತಿತ್ತು. ಅಪ್ಪನ ಹಳೆಯ ಒಂಟಿ ಹೆಡ್ಡು ಮೂಲೆಯಲ್ಲಿ ಉಳಿಯಿತು. ಅದಕ್ಕೂ ಒಂದು ಕೆಲಸವಿದೆ, ಗುಜರಿಗೆ ಹಾಕಬೇಡ ಎಂದು ಮಿಸ್ತ್ರಿಗೆ ಹೇಳಿಟ್ಟೆ.

ಮೊದಲ ಸಲ ಚಾಲೂ ಆದಾಗ ದೊಡ್ಡ ಸದ್ದೇನೂ ಬರಲಿಲ್ಲ. ದಪ್ಪ ಗಂಟಲಿನ, ಸಮನಾದ ಗುಡುಗು. ಅಪ್ಪನ ಕಾಲದ್ದೇ. ತೊರವಿಯವರೆಗೆ ಹೋಗಿ ಬಂದೆ, ನೀರಿನ ಬಿಸಿ ತೋರಿಸುವ ಮುಳ್ಳು ಏರಲಿಲ್ಲ. ಬರುವಾಗ ಅತ್ತೆ. ಅಪ್ಪನ ನೆನಪಿಗೆ ಸ್ವಲ್ಪ, ಸಿಟ್ಟಿಗೆ ಬಹಳ.

ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣನೇ ತಂಗಿಯ ಮನೆಗೆ ಬಂದು ಕರೆದುಕೊಂಡು ಹೋಗಬೇಕು. ಅಪ್ಪ ಇದ್ದಾಗ ತಪ್ಪದೆ ಬರುತ್ತಿದ್ದ. ಈ ಸಲ ಫೋನು ಮಾಡಿದ.

"ಪಂಚಮಿಗೆ ಬಂದ ಬಿಡು. ಆಧಾರ್ ಕಾರ್ಡ್ ತಗೊಂಡ ಬಾ, ಮರದಿನ ಕಚೇರಿಗೆ ಹೋಗೂದೈತಿ. ಗಾಡಿ ಏನಾತು, ಗುಜರಿಗೆ ಹಾಕಿದ್ಯಾ?"

"ಬರ್ತೇನಣ್ಣಾ," ಎಂದೆ. ಅಷ್ಟೇ ಅಂದೆ.

ಹಬ್ಬದ ಬೆಳಿಗ್ಗೆ ಹಸಿರು ಕಾರು ಬಬಲೇಶ್ವರದ ಅಗಸಿ ದಾಟಿತು. ಬಲಗಡೆ ನಮ್ಮ ಯಜಮಾನರು. ಅವರನ್ನು "ಹೋಗ್ಲ್ಯಾ?" ಎಂದು ಕೇಳಿದರೆ ರಸ್ತೆ ಖಾಲಿಯಿದ್ದರೂ "ತಡಿ" ಎನ್ನುತ್ತಾರೆ, ಹೀಗಾಗಿ ತಡವಾಗಿತ್ತು. ಜೋಕಾಲಿ ಆಡುತ್ತಿದ್ದ ಹುಡುಗಿಯರು ಜೀಕುವುದು ಬಿಟ್ಟು ನೋಡಿದರು. ಅಣ್ಣ ಕಟ್ಟೆಯ ಮೇಲಿದ್ದ. ಎದ್ದು ನಿಂತ. ಬಾನೆಟ್ಟು ನೋಡಿದ, ನನ್ನ ನೋಡಿದ. ಮತ್ತೆ ಬಾನೆಟ್ಟು ನೋಡಿದ. ಆ ಮುಖಕ್ಕಾಗಿ ನಾನು ಇನ್ನೂ ನಾಲ್ಕು ಇಂಜಿನ್ನು ಕಟ್ಟಿಸುತ್ತಿದ್ದೆ.

ವೈನಿ ಕಾಲಿಗೆ ನೀರು ಕೊಟ್ಟು ಒಳಗೆ ಕರೆದಳು. ನಾಗಪ್ಪನಿಗೆ ಹಾಲೆರೆದೆವು. ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಎಲ್ಲರ ಹೆಸರಲ್ಲೂ ಎರೆದೆ. ಶೇಂಗಾ ಉಂಡಿ ತಿಂದೆ. ಉಡಿ ತುಂಬಲು ವೈನಿ ಮಣೆ ಹಾಕಿದಾಗ ನಾನು, "ತಡೀರಿ ವೈನಿ, ನಾನೂ ಒಂದ ತಂದೇನಿ," ಎಂದು ಯಜಮಾನರಿಗೆ ಕಣ್ಣು ಮಾಡಿದೆ. ಅವರು ಡಿಕ್ಕಿಯಿಂದ ಗಂಟನ್ನು ಎತ್ತಿ ತಂದು, ಏದುಸಿರು ಬಿಡುತ್ತ, ಅಣ್ಣನ ಮುಂದೆ ಇಟ್ಟರು.

ಸೀರೆಯ ಗಂಟು. ಹಿರಿಯರ ಮುಂದೆ ಅವನು ನನಗೆ ಕೊಟ್ಟ ಅದೇ ಸೀರೆ. ಒಮ್ಮೆ ಉಟ್ಟು ಘಡಿ ಕೂಡ ಮುರಿದಿರಲಿಲ್ಲ, ಇದನ್ನು ಕಟ್ಟಲೆಂದೇ ಬಿಚ್ಚಿದ್ದೆ. ಅಣ್ಣ ಗಂಟು ಸಡಿಲಿಸಿದ. ಒಳಗೆ ಅಪ್ಪನ ಒಂಟಿ ಹೆಡ್ಡು, ಅದರ ಮೇಲೆ ಕುಪ್ಪಸದ ಕಣ, ಎಲೆ ಅಡಿಕೆ.

"ಇದೇನ್ ಬೇ?"

"ತಾಡಪತ್ರಿ ಮ್ಯಾಲ ಇಟ್ಟೀಯಲ್ಲಾ, ಅದರ ಜೋಡಿ. ಇಟಗೋ. ನನಗ ಬೇಕಾಗಿಲ್ಲ."

ವೈನಿಯ ಕೈ ಅರಿಷಿಣದ ಬಟ್ಟಲಲ್ಲೇ ನಿಂತಿತು. ಕೊಟ್ಟ ಸೀರೆಯನ್ನು ತವರಿಗೆ ಮರಳಿಸುವುದೆಂದರೆ ಏನೆಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅಣ್ಣನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ತಂಗಿ, ಸೀರಿ ಯಾಕ ತಂದಿ?"

"ಬಿಚ್ಚಿಟ್ಟದ್ದು ಗಾಡಿ ಅಲ್ಲ ಅಂದಿ. ಒಪ್ಪಿದೆ. ಹಾಂಗಾದ್ರ ಸಹಿ ಮಾಡೂತನಕ ಹಕ್ಕು ಬಿಟ್ಟಂಗೂ ಅಲ್ಲ. ನಾ ಇನ್ನೂ ಸಹಿ ಮಾಡಿಲ್ಲ. ಇವತ್ತ ಹೆಂಗೂ ಬಂದೇನಿ, ತ್ವಾಟ ನೋಡಿ ಬರ್ತೇನಿ. ನನ್ನ ಪಾಲು ಯಾವ ಕಡೆ ಬರತೈತಿ, ನೀರು ಯಾವ ಕಡೆ ಐತಿ, ಎಲ್ಲಾ ನೋಡಬೇಕು."

ಅವನ ಮುಖ ಸುಣ್ಣವಾಯಿತು. "ಒಂದ ಕಬ್ಬಿಣದ ತುಂಡಿನ ಸಲುವಾಗಿ ಇಷ್ಟ ಮಾಡ್ತೀ ಏನ್? ಕೊಡ್ತೇನಿ ತಗೋ, ಈಗ ಹೋಗಿ ತರ್ತೇನಿ," ಎಂದ.

"ಒಂದ ತುಂಡು ಕೊಡಾಕ ನಿನಗ ಆಗಲಿಲ್ಲಲ್ಲಾ," ಎಂದೆ. "ನಡಿ, ಹತ್ತು. ತಿಕೋಟಾಕ್ಕ ಹಾದಿ ನಾನ ಬಲ್ಲೆ. ಬಲಕ್ಕ ಕುಂತು ನೋಡಾಕ ಒಬ್ಬರು ಬೇಕು."

ಅವನು ವೈನಿಯ ಕಡೆ ನೋಡಿದ. ವೈನಿ ಸೀರೆಯನ್ನು ಹೆಡ್ಡಿನ ಅಡಿಯಿಂದ ಎಳೆದು ಮಡಚುತ್ತ, ಅವನತ್ತ ನೋಡದೆ, "ಹೋಗಿ ಬರ್ರಿ," ಎಂದಳು. ಅವಳೂ ತನ್ನ ತವರಿನಲ್ಲಿ ಒಂದು ಸೀರೆ ತಗೊಂಡವಳೇ. ನಮ್ಮ ಯಜಮಾನರು ಉಂಡಿಯ ತಾಟಿನ ಮುಂದೆ ಗಟ್ಟಿಯಾಗಿ ಕೂತು ತಾವು ಬರುವುದಿಲ್ಲ ಎಂದು ತೋರಿಸಿದರು.

ಅಣ್ಣ ಹತ್ತಿದ. ಎಷ್ಟೋ ವರ್ಷಗಳ ಮೇಲೆ ಅದೇ ಸೀಟು. ತಿಕೋಟಾ ದಾರಿಯಲ್ಲಿ ಮುಂದೆ ಮೇವು ತುಂಬಿದ ಟ್ರ್ಯಾಕ್ಟರು ಸಿಕ್ಕಿತು. ಮೇವು ರಸ್ತೆಯ ಎರಡೂ ಕಡೆ ಚಾಚಿಕೊಂಡಿತ್ತು, ನನಗೆ ಎಡದಿಂದ ಏನೂ ಕಾಣುತ್ತಿರಲಿಲ್ಲ. ಹಾರ್ನು ಹಾಕಲಿಲ್ಲ, ಟ್ರ್ಯಾಕ್ಟರಿನ ಬೆನ್ನಿಗೆ ಗಾಡಿ ಹಿಡಿದು ನಿಧಾನ ಹೋದೆ.

"ಹೋಗ್ಲ್ಯಾ ಅಣ್ಣಾ?" ಎಂದು ಕೇಳಿದೆ.

ಅವನು ಮುಂದಿನ ಮೇವನ್ನೇ ನೋಡುತ್ತ ಕೂತ. ಟ್ರ್ಯಾಕ್ಟರು ಆಮೆಯಂತೆ ಹೋಗುತ್ತಿತ್ತು. ಮುಂದೆ ತೋಟವಿತ್ತು. ನಾನು ಅಲ್ಲಿಗೆ ಯಾಕೆ ಹೊರಟಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಸುಮ್ಮನಿದ್ದರೆ ನಾನು ಹೀಗೇ ಸಂಜೆಯವರೆಗೆ ಹೋಗಬಲ್ಲೆ ಎಂದೂ ಗೊತ್ತಿತ್ತು. ಇಂಜಿನ್ನು ಕುದಿಯುವುದಿಲ್ಲ. ಅದಕ್ಕೆ ಸರಿಯಾದ ಹೆಡ್ಡನ್ನೇ ಹಾಕಿಸಿದ್ದೆ.

ಮತ್ತೆ ಕೇಳಿದೆ.

ಅಣ್ಣ ಕಿಟಕಿಯ ಗಾಜು ಇಳಿಸಿ ಕತ್ತು ಹೊರಗೆ ಹಾಕಿ ನೋಡಿದ. ಹಲ್ಲು ಕಚ್ಚಿಕೊಂಡೇ, "ಹೋಗು," ಎಂದ.